ವರಳಿಗೂ ತೂರಿನ್‌ಗೂ ನಂಟು

ಊರಿನಿಂದ ನೆಂಟರು ಬಂದರೆ ನಾವು ಅವರನ್ನು ಗೇಟ್‌ವೇ, ರಾಣಿಬಾಗ್, ಹಾಜಿ ಅಲಿ ಎಂದು ಸುತ್ತಿಸುತ್ತೇವೆ. ಮೋಟಾರಿನ ಹುಚ್ಚಿರುವ ಮಕ್ಕಳು ಜೊತೆಗಿದ್ದರೆ ಇನ್ನೊಂದು ಹಾದಿಯೂ ಉಂಟು: ಕುರ್ಲಾದಿಂದ ವರಳಿಗೆ. ನೋಡಲು ಅಲ್ಲಿ ಹೆಚ್ಚೇನಿಲ್ಲ, ಹೇಳಲು ಬೇಕಾದಷ್ಟಿದೆ.

ಕುರ್ಲಾದಲ್ಲಿ ವಾಲಚಂದ ಹೀರಾಚಂದರ ಪ್ರೀಮಿಯರ್ ಕಾರ್ಖಾನೆ ಇತ್ತು. ಇಟಲಿಯ ತೂರಿನ್ ಪಟ್ಟಣದ ಫಿಯಟ್ ಕಂಪನಿಯ 1100 ಮಾದರಿಯನ್ನು ಅಲ್ಲಿ ತಯಾರಿಸುತ್ತಿದ್ದರು. 1974ರಿಂದ ಅದೇ ಗಾಡಿ ಪದ್ಮಿನಿ ಎನಿಸಿಕೊಂಡಿತು. ಕಪ್ಪು-ಹಳದಿ ಬಣ್ಣ ಬಳಿದುಕೊಂಡು, ನೆತ್ತಿಯ ಮೇಲೆ ನಮ್ಮ ಟ್ರಂಕು, ಹಲಸಿನ ಹಣ್ಣಿನ ಗೋಣಿ ಎಲ್ಲ ಹೊತ್ತು ಅದು ನಮ್ಮನ್ನು ಮನೆಗೆ ತಲಪಿಸಿದ್ದನ್ನು ಯಾರು ಮರೆತಾರು? 2023ರ ಅಕ್ಟೋಬರ್ ಕೊನೆಗೆ ಆ ಟ್ಯಾಕ್ಸಿಯ ಕಾಲ ಮುಗಿಯಿತು. ಅದರ ನಕ್ಷೆ ಮಾತ್ರ ಮೂಲದಲ್ಲಿ ನಮ್ಮದಲ್ಲ, ತೂರಿನ್‌ನವರು ಬರೆದದ್ದು.

ಅದೇ ತೂರಿನ್‌ನಲ್ಲಿ ಕಾರುಗಳಿಗೆ ಮೈಕಟ್ಟು ರೂಪಿಸಿ ಹೆಸರಾದ ಮನೆತನವೊಂದುಂಟು. ಬಟಿಸ್ಟಾ ಫರೀನಾ ಹನ್ನೊಂದು ಮಕ್ಕಳಲ್ಲಿ ಹತ್ತನೆಯವ. ಎಲ್ಲರೂ ಅವನನ್ನು ‘ಪಿನಿನ್’ ಎನ್ನುತ್ತಿದ್ದರು. ಅಲ್ಲಿಯ ಆಡುನುಡಿಯಲ್ಲಿ ಪುಟ್ಟ ಎಂದರ್ಥ. 1930ರಲ್ಲಿ ಸ್ವಂತ ಕಾರ್ಯಾಗಾರ ತೆರೆದ. 1961ರಲ್ಲಿ ಆ ಮುದ್ದು ಹೆಸರನ್ನೇ ಕುಲನಾಮಕ್ಕೆ ಹೊಸೆದು, ಸರಕಾರದ ಒಪ್ಪಿಗೆಯಿಂದ ‘ಪಿನಿನ್‌ಫರೀನಾ’ ಆದ. ನಮ್ಮಲ್ಲಿಯ ಪುಟ್ಟಪ್ಪಂದಿರಿಗೆ ಇದೇನು ಸೋಜಿಗವಲ್ಲ!

ಈ ಮನೆಯವರು 1970ರ ಜಿನೀವಾ ಪ್ರದರ್ಶನದಲ್ಲಿ ‘ಮೊಡುಲೊ’ ಎಂಬ ಕಾರನ್ನಿಟ್ಟರು. ಅಡಿಗಟ್ಟು ಫೆರಾರಿ ಪಂದ್ಯದ ಕಾರಿನದು, ರೂಪ ಪಾವೊಲೊ ಮಾರ್ಟಿನ್ ಎಂಬವರದು. ಎತ್ತರ 93.5 ಸೆಂಟಿಮೀಟರು, ಎಂದರೆ ಊಟದ ಮೇಜಿಗಿಂತ ಹೆಚ್ಚುಕಡಿಮೆ ಒಂದು ಗೇಣು ಮೇಲೆ! ಎರಡು ತಟ್ಟೆಗಳನ್ನು ಒಂದರ ಮೇಲೊಂದು ಮುಚ್ಚಿದಂತೆ ಆಕಾರ. ಪಕ್ಕದಲ್ಲಿ ಬಾಗಿಲಿಲ್ಲ, ಗಾಜುಸಹಿತ ಮಾಡೇ ಮುಂದಕ್ಕೆ ಸರಿಯಬೇಕು, ಆಗ ಒಳಗಿಳಿಯಬೇಕು. ಚಕ್ರಗಳಿಗೂ ಅರೆಮುಸುಕು. ಮಾಡಿದ್ದು ಒಂದೇ ಒಂದು. ನಮ್ಮ ಆಷಾಢದ ಮಳೆಯಲ್ಲಿ ಹಿಂದ್‌ಮಾತಾದ ನೀರಿಗಿಳಿದರೆ ಹತ್ತು ಮಾರೂ ಹೋಗದು. ಹಾಗಾದರೆ ಯಾಕೆ ಮಾಡಿದರು? ತಮ್ಮ ಕೈ ಎಲ್ಲಿಯವರೆಗೆ ಚಾಚೀತು ಎಂದು ತೋರಿಸಲು. ಅದನ್ನು ಕಂಡವರು ನಾಳೆ ತಮ್ಮ ಸಾದಾ ಕಾರಿನ ರೂಪವನ್ನು ಅವರಿಂದಲೇ ಬರೆಸಿಯಾರು. ಆ ಧೈರ್ಯಕ್ಕೆ ನಾವಂತೂ ತಲೆದೂಗುತ್ತೇವೆ.

ಇನ್ನು ವರಳಿ. ಅಲ್ಲಿ ಮಹೀಂದ್ರ ಟವರ್ಸ್ ಇದೆ. ಮಹೀಂದ್ರದವರು 1947ರಲ್ಲಿ ಅಮೆರಿಕದ ಜೀಪುಗಳನ್ನು ಮುಂಬಯಿಯಲ್ಲಿ ಜೋಡಿಸತೊಡಗಿದವರು. ಅದೂ ಪರರ ನಕ್ಷೆಯೇ. ಆ ಸಮೂಹವೇ 2015ರ ಡಿಸೆಂಬರಿನಲ್ಲಿ, ಸಾಲದಲ್ಲಿ ಬಳಲಿದ್ದ ಪಿನಿನ್‌ಫರೀನಾದ ನೂರಕ್ಕೆ 76 ಪಾಲನ್ನು ಸುಮಾರು 2.5 ಕೋಟಿ ಯೂರೋಗಳಿಗೆ ಕೊಳ್ಳಲು ಒಪ್ಪಂದ ಮಾಡಿಕೊಂಡಿತು.

ಮಾಟುಂಗದ ಹೋಟೆಲು ಕೈ ಬದಲಾದರೂ ಹಲಗೆ ಬದಲಾಗದಿರುವುದನ್ನು ನಾವು ಕಂಡಿಲ್ಲವೆ? ಹಳೆಯ ಭಟ್ಟರು ಒಳಗಿದ್ದರೆ ಸಾಂಬಾರು ಕೆಡದು. ಇಲ್ಲಿಯೂ ಹಾಗೆಯೇ, ಬಟಿಸ್ಟಾನ ಮೊಮ್ಮಗ ಪಾವೊಲೊ 2024ರಲ್ಲಿ ತೀರಿಕೊಳ್ಳುವವರೆಗೂ ಅಧ್ಯಕ್ಷರಾಗಿದ್ದರು. ಅಜ್ಜನ ಹೆಸರಿನಲ್ಲೇ 1,900 ಅಶ್ವಶಕ್ತಿಯ ವಿದ್ಯುತ್ ಕಾರೊಂದು 2019ರಲ್ಲಿ ಜಿನೀವಾದಲ್ಲಿ ಬೆಳಕು ಕಂಡಿತು. ಆದರೆ ಒಡೆತನ ಬಂದಷ್ಟು ಸುಲಭವಾಗಿ ಕೈ ಬರುವುದಿಲ್ಲ. ಬರೆಯುವ ಮೇಜು ತೂರಿನ್ ಬಳಿಯ ಕಾಂಬಿಯಾನೊದಲ್ಲೇ ಉಳಿಯಿತು.

ಮಕ್ಕಳಿಗೆ ಅಂಥ ಮೇಜು ತೋರಿಸಬೇಕೆಂದರೆ ಪೊವಾಯಿಯ ಐ.ಐ.ಟಿ.ಗೆ ಹೋಗಬೇಕು. ಅಲ್ಲಿ 1969ರಲ್ಲಿ ಔದ್ಯೋಗಿಕ ವಿನ್ಯಾಸ ಕೇಂದ್ರ ಹುಟ್ಟಿತು; ವಾಹನಗಳ ರೂಪರಚನೆಯನ್ನೂ ಕಲಿಸುತ್ತ ಬಂದಿದೆ. ಕುರ್ಲಾದಿಂದ ಅದೇನೂ ದೂರವಲ್ಲ.