ನಾಯಕನ ನುಡಿ, ಖಳನ ನುಡಿ

ಆನೆಗೊಂದಿಯ ಬೆಟ್ಟಗಳನ್ನು ಕಿಷ್ಕಿಂಧೆಯೆಂದೇ ನಂಬಿರುವ ಗಂಗಾವತಿಯ ಸೀಮೆಗೆ ರಾಮರಾವಣರ ಕಥೆ ಹೊಸತಲ್ಲ. ಇಲ್ಲಿಯ ದೊಡ್ಡಾಟಗಳಲ್ಲಿ ದೇವನೂ ದೈತ್ಯನೂ ಒಂದೇ ಪ್ರೌಢಭಾಷೆಯನ್ನಾಡುವರು. ರಕ್ಕಸನನ್ನು ವೇಷದಿಂದಲೂ ಆರ್ಭಟದಿಂದಲೂ ಅರಿಯಬೇಕಲ್ಲದೆ ಊರಿನ ಉಚ್ಚಾರದಿಂದಲ್ಲ. 1934ರ 'ಸತಿ ಸುಲೋಚನಾ' ಚಿತ್ರದಲ್ಲಿ ರಾವಣನಾದ ಆರ್. ನಾಗೇಂದ್ರರಾಯರೂ ರಂಗಭೂಮಿಯಿಂದಲೇ ಬಂದವರು.

ಸಾಮಾಜಿಕ ಚಿತ್ರಗಳು ಹೆಚ್ಚಿದ ಮೇಲೆ ಈ ಸಮತೆ ಕೆಟ್ಟಿತು. ಮೈಸೂರು ಸೀಮೆಯ ಮಾತು ನಾಯಕನ ಪಾಲಾಯಿತು. 'ಖರೇ', 'ಹೌದ್ರೀ', 'ಜಲ್ದಿ' ಎಂಬುವು ಬಹುಮಟ್ಟಿಗೆ ವಿದೂಷಕನಿಗೋ ಗೌಡನ ಕೈಯಾಳಿಗೋ ಉಳಿದುವು. 1948ರವರೆಗೆ ನಿಜಾಮನ ಆಳಿಕೆಯಲ್ಲಿದ್ದ ನಾಡಿನ ಕನ್ನಡದಲ್ಲಿ ಉರ್ದು ಬೆರೆತುದು ಚರಿತ್ರೆಯ ಫಲವಲ್ಲದೆ ಶೀಲದ ಲಕ್ಷಣವೇ? ನಗುವವರಿಗೆ ಇದು ಅಲ್ಪ ಸಂಗತಿ. ಬೆಂಗಳೂರಿಗೆ ಹೋದ ಗಂಗಾವತಿಯ ತರುಣನಾದರೋ, ತಾಯಿಯೊಡನೆ ಆಡುವ ನುಡಿಯನ್ನು ಕಚೇರಿಯಲ್ಲಿ ಬಚ್ಚಿಡುವನು.

ಈಗ ಯಾರ ಮನವೂ ನೋಯದಿರಲೆಂದು ಖಳನಿಗೆ ಊರೇ ಇಲ್ಲದ ನುಡಿಯನ್ನು ಕೊಡುವ ಸಭ್ಯತೆಯೊಂದುಂಟು. ಇದರಿಂದ ಈ ಸೀಮೆಯ ಮಾತಿಗೆ ಬೆಳ್ಳಿತೆರೆಯಲ್ಲಿದ್ದ ಅಷ್ಟಿಷ್ಟು ಎಡೆಯೂ ತಪ್ಪುವುದು. 2022ರ 'ಕಾಂತಾರ'ದಲ್ಲಿ ನಾಯಕನೂ ಧಣಿಯೂ ಕರಾವಳಿಯ ಕನ್ನಡವನ್ನೇ ಆಡಿದರು. ಕುಂದಾಪುರದ ನುಡಿಗೆ ಅದರಿಂದ ಕಳಂಕವೇನೂ ತಟ್ಟಲಿಲ್ಲ. 2021ರ 'ರತ್ನನ್ ಪ್ರಪಂಚ'ದಲ್ಲಿ ಉಡಾಳ ಬಾಬುರಾಯನು ಉತ್ತರದ ಮಾತಿನಲ್ಲಿಯೇ ಪ್ರೇಕ್ಷಕರ ಪ್ರೀತಿಯನ್ನು ಗಳಿಸಿದನು. ಆದರೆ ಬಾಬುರಾಯನು ಆ ಚಿತ್ರದ ನಾಯಕನಲ್ಲ, ನಾಯಕನು ಬೆಂಗಳೂರಿನವನು.