ಅಬ್ಬಾರ ಬೈಕಿಗೊಂದು ಏರ್ ಫಿಲ್ಟರ್

ಸಂಡೂರಿನ ಸುತ್ತಲಿನ ಸಂತೆಗಳಿಗೆ ಅಬ್ಬಾ ಬಟ್ಟೆ ಗಂಟು ಕಟ್ಟಿಕೊಂಡು ಹೋಗುವುದು 100 ಸಿಸಿಯ ಹಳೆಯ ಬೈಕಿನಲ್ಲಿ, ಕಾರ್ಬ್ಯುರೇಟರ್ ಇರುವ ಗಾಡಿ. ಅದಿರಿನ ಲಾರಿಗಳ ಹಿಂದೆ ಹೋಗಿ ಬಂದರೆ ಅವರ ಬಿಳಿ ಅಂಗಿ ಕೆಂಪಾಗಿರುತ್ತದೆ. ಎಂಜಿನ್ ಎಳೆದುಕೊಳ್ಳುವುದೂ ಅದೇ ಗಾಳಿ. ಫಿಲ್ಟರ್ ದಾಟಿದ ದೂಳು ಸಿಲಿಂಡರನ್ನೂ ಪಿಸ್ಟನ್ ರಿಂಗನ್ನೂ ಉಜ್ಜಿ ಸವೆಸುತ್ತದೆ. ಎಂಜಿನ್ ಬಿಚ್ಚಿಸುವ ಖರ್ಚು ಬಂದರೆ ನಮ್ಮ ಮನೆಯಲ್ಲಿ ಮೊದಲು ನಿಲ್ಲುವುದು ನನ್ನ ಫೀಸು. ಹಾಗಾಗಿ ಈ ಸಲ ಫಿಲ್ಟರ್ ಆರಿಸುವ ಕೆಲಸ ನಾನೇ ವಹಿಸಿಕೊಂಡೆ.

ಅಂಗಡಿಯವರು ಮೊದಲು ತೋರಿಸಿದ್ದು ಶಂಕುವಿನ ಆಕಾರದ್ದು. ನೋಡಲು ಚಂದ, ಸದ್ದೂ ಜೋರು (ನಮ್ಮ ಕ್ಲಾಸಿನ ಅರ್ಧ ಹುಡುಗರಿಗೆ ಬೇಕಾದದ್ದು ಆ ಸದ್ದೇ). ಅದನ್ನು ಹಾಕಲು ಫಿಲ್ಟರ್ ಡಬ್ಬಿಯನ್ನೇ ತೆಗೆಯಬೇಕು. ಗಾಳಿ ಹೆಚ್ಚಾದಾಗ ಜೆಟ್ ಬದಲಿಸದಿದ್ದರೆ ಪೆಟ್ರೋಲಿನ ಪಾಲು ಕಡಿಮೆಯಾಗಿ ಎಂಜಿನ್ ವಿಪರೀತ ಕಾಯುತ್ತದೆ. ಎರಡನೆಯದು ಎಣ್ಣೆ ಸವರಿದ ಹತ್ತಿಬಟ್ಟೆಯದು, ತೊಳೆದು ವರ್ಷಗಟ್ಟಲೆ ಬಳಸಬಹುದು. ನನಗೂ ಆಸೆಯಾಯಿತು. ಆದರೆ ಪೂರ್ತಿ ಒಣಗಿಸಿ, ಹದವಾಗಿ ಮತ್ತೆ ಎಣ್ಣೆ ಹಾಕಬೇಕು. ಬೆಳಗಿನ 5ಕ್ಕೆ ಸಂತೆಗೆ ಹೊರಡುವವರಿಗೆ ಅಷ್ಟು ಪುರಸೊತ್ತೆಲ್ಲಿ?

ಕೊನೆಗೆ ಬೇರೆ ಕಂಪನಿಯ ಕಾಗದದ ಫಿಲ್ಟರನ್ನೇ ಕೇಳಿದೆ. ಹಳೆಯದರ ಪಕ್ಕ ಇಟ್ಟು, ಅಂಚಿನ ರಬ್ಬರನ್ನು ಒತ್ತಿ ನೋಡಿದೆ. ಅಂಚು ಬಿಗಿಯಾಗಿ ಕೂರದಿದ್ದರೆ ಕಾಗದ ಎಷ್ಟೇ ಒಳ್ಳೆಯದಾದರೂ ದೂಳು ಪಕ್ಕದಿಂದ ನುಸುಳುತ್ತದೆ. ಎರಡು ಬೇಡವೆಂದೆ.

“ಸೀರೆ ಆರಿಸೋರೂ ಇಷ್ಟು ನೋಡಲ್ಲ ಬೇಟಾ” ಎಂದರು ಅಬ್ಬಾ.

ಮೂರನೆಯದು ಸರಿಯಾಗಿ ಕೂತಿತು. ಬದಲಿಸಿದ ದಿನದ ಕಿಲೋಮೀಟರ್ ಅಂಕಿಯನ್ನು ಸೈಡ್ ಕವರಿನ ಒಳಗೆ ಬರೆದಿಟ್ಟಿದ್ದೇನೆ.