ಹಿಡಿದ ಕೈ, ಬಿಟ್ಟ ಕೈ

ಸಂಘದ ಆರೋಗ್ಯ ಶಿಬಿರಗಳಲ್ಲಿ ನನ್ನನ್ನು ಕಂಡಿರುವ ಓದುಗರು, ಈ ಬಾರಿಯೂ ರಕ್ತದೊತ್ತಡ ಅಥವಾ ಸಕ್ಕರೆ ಕಾಯಿಲೆಯ ಬಗೆಗೇ ಬರೆದಿರಬಹುದೆಂದು ಭಾವಿಸಬಹುದು. ಇಂದಿನ ವಿಷಯ ಬೇರೆ. ಕಳೆದ ದೀಪಾವಳಿ ಕಾರ್ಯಕ್ರಮದ ರಾತ್ರಿ ಯುವಕನೊಬ್ಬ ಬಂದೂಕು ತೋರಿಸಿ ನಮ್ಮ ಕಾರನ್ನು ಕಿತ್ತುಕೊಂಡು ಹೋದ. ಸುದ್ದಿ ತಿಳಿದು ಅನೇಕರು ಫೋನ್ ಮಾಡಿ ವಿಚಾರಿಸಿದಿರಿ. ಎಲ್ಲರಿಗೂ ಅರ್ಧ ಕಥೆಯನ್ನಷ್ಟೇ ಹೇಳಿದ್ದೆ. ಉಳಿದರ್ಧದಿಂದ ಬೇರೆಯವರಿಗೆ ಉಪಯೋಗವಾಗಬಹುದೆಂಬ ನಂಬಿಕೆಯಿಂದ ಈಗ ಬರೆಯುತ್ತಿದ್ದೇನೆ.

ಅಂದು ವೇದಿಕೆಯ ಸಾಮಾನುಗಳನ್ನೆಲ್ಲ ಕಟ್ಟಿಟ್ಟು ಹೊರಡುವಾಗ ರಾತ್ರಿ ಹತ್ತು ಗಂಟೆ ದಾಟಿತ್ತು. ಪತ್ನಿ ಮತ್ತು ಮಗಳು ಸ್ನೇಹಿತರ ಕಾರಿನಲ್ಲಿ ಮೊದಲೇ ಮನೆಗೆ ಹೋಗಿದ್ದರು. ಹಾಸನದಿಂದ ಬಂದಿದ್ದ ಅಮ್ಮ ನನ್ನೊಡನಿದ್ದರು. ಮುಂದಿನ ಸೀಟಿನಲ್ಲಿ ಊಟದ ಪಾತ್ರೆಗಳಿದ್ದುದರಿಂದ ಅವರು ಹಿಂದೆ ಕುಳಿತಿದ್ದರು. ದಾರಿಯಲ್ಲಿ ಒಂದು ಗ್ಯಾಸ್ ಸ್ಟೇಷನ್ನಿನಲ್ಲಿ ಕಾರು ನಿಲ್ಲಿಸಿದೆ. ಟ್ಯಾಂಕ್ ತುಂಬುತ್ತಿದ್ದಾಗ ನನ್ನ ಕಣ್ಣು ಫೋನಿನಲ್ಲಿ ಬರುತ್ತಿದ್ದ ಕಾರ್ಯಕ್ರಮದ ಚಿತ್ರಗಳ ಮೇಲಿತ್ತು. ನಳಿಗೆಯನ್ನು ಅದರ ಸ್ಥಾನದಲ್ಲಿಟ್ಟು ತಿರುಗಿದಾಗ ಎದುರಿಗೆ ಇಪ್ಪತ್ತು ವರ್ಷವೂ ತುಂಬಿರದ ಹುಡುಗ, ಕೈಯಲ್ಲಿ ಬಂದೂಕು. ಅವನು ಕೇಳಿದ್ದು ಕೀ ಮಾತ್ರ.

ಕೀ ನನ್ನ ಕೋಟಿನ ಜೇಬಿನಲ್ಲಿತ್ತು. ಕೈ ಜೇಬಿಗೆ ಹೋಯಿತು, ಕೀಯನ್ನು ಬಿಗಿಯಾಗಿ ಹಿಡಿಯಿತು, ಹೊರಗೆ ಬರಲಿಲ್ಲ. ನಾನು ಯಾರಿಗೂ ಹೇಳದ ಭಾಗ ಇದು. ಆ ಕೆಲವು ಕ್ಷಣಗಳಲ್ಲಿ ಹಿಂದಿನ ಸೀಟಿನಲ್ಲಿದ್ದ ಅಮ್ಮ ನನ್ನ ನೆನಪಿಗೆ ಬರಲಿಲ್ಲ. ಮನಸ್ಸಿನಲ್ಲಿ ಇದ್ದದ್ದು ಕಾರು. ವರ್ಷಗಟ್ಟಲೆ ಹಳೆಯ ಕಾರುಗಳನ್ನೇ ಓಡಿಸಿ, ಮೊದಲ ಬಾರಿಗೆ ಕೊಂಡ ಹೊಸ ಕಾರು ಅದು. ಮೂರು ವಾರಗಳ ಹಿಂದಷ್ಟೇ ಆಯುಧಪೂಜೆಯಂದು ಅಮ್ಮ ಅದಕ್ಕೆ ಕುಂಕುಮವಿಟ್ಟು, ಹೂವು ಮುಡಿಸಿ, ಚಕ್ರದಡಿ ನಿಂಬೆಹಣ್ಣು ಇರಿಸಿ ಪೂಜೆ ಮಾಡಿದ್ದರು. ಅದನ್ನು ಹೇಗೆ ಕೊಡಲಿ ಎಂಬ ಮೂರ್ಖ ಹಟ ನನ್ನ ಮುಷ್ಟಿಯನ್ನು ಮುಚ್ಚಿತ್ತು. ಜೇಬಿನಲ್ಲಿ ಅಡಗಿದ ಕೈ ಮತ್ತೊಂದು ಬಂದೂಕನ್ನು ಹುಡುಕುತ್ತಿದೆಯೆಂದು ಆ ಹುಡುಗ ತಿಳಿಯಬಹುದಿತ್ತು ಎಂಬುದೂ ಹೊಳೆಯಲಿಲ್ಲ. ಅವನ ಕೈಯೂ ನಡುಗುತ್ತಿತ್ತು. ಹೆದರಿದ ಬೆರಳು ಟ್ರಿಗರಿನ ಮೇಲಿರುವುದಕ್ಕಿಂತ ಅಪಾಯಕರವಾದುದು ಇನ್ನೊಂದಿಲ್ಲ.

ಹಿಂದಿನ ಬಾಗಿಲಿನಿಂದ ಟಕಟಕ ಸದ್ದು ಕೇಳಿದಾಗ ಎಚ್ಚರವಾಯಿತು. ಅಮ್ಮ ಇಳಿಯಲು ಪ್ರಯತ್ನಿಸುತ್ತಿದ್ದರು, ಬಾಗಿಲು ತೆರೆಯುತ್ತಿರಲಿಲ್ಲ. ಮಗಳ ಸುರಕ್ಷತೆಗೆಂದು ನಾನೇ ಹಾಕಿದ್ದ ಚೈಲ್ಡ್ ಲಾಕ್! ಆಗ ಕೀ ಕೊಟ್ಟೆ. “ಹಿಂದೆ ನನ್ನ ತಾಯಿ ಇದ್ದಾರೆ, ಇಳಿಸಿಕೊಳ್ಳುತ್ತೇನೆ” ಎಂದು ಇಂಗ್ಲಿಷಿನಲ್ಲಿ ಕೂಗಿ ಹೊರಗಿನಿಂದ ಬಾಗಿಲು ತೆಗೆದೆ. ಸ್ವೆಟರಿನಡಿಯಲ್ಲಿ ಸೀರೆಯ ಸೆರಗು ಸೀಟ್ ಬೆಲ್ಟಿಗೆ ಸಿಕ್ಕಿಕೊಂಡಿತ್ತು. ಹದಿನೆಂಟು ವರ್ಷಗಳಿಂದ ಸೂಕ್ಷ್ಮ ರಕ್ತನಾಳಗಳಿಗೆ ಸೂಜಿ ಹಾಕುತ್ತಿರುವ ನನ್ನ ಬೆರಳುಗಳಿಗೆ ಒಂದು ಕೆಂಪು ಗುಂಡಿಯನ್ನು ಒತ್ತಲಾಗಲಿಲ್ಲ. ಕೊನೆಗೆ ಅಮ್ಮನೇ ನನ್ನ ಕೈಯನ್ನು ಸರಿಸಿ, ಬೆಲ್ಟ್ ಬಿಚ್ಚಿ, ಸೆರಗೆಳೆದುಕೊಂಡು ಇಳಿದರು. ಕಾರು ಹೊರಟುಹೋದ ಮೇಲೆ ಅವರು ಹೇಳಿದ್ದು ಒಂದೇ ಮಾತು: “ಹೋಗ್ಲಿ ಬಿಡು ಮಗ, ಕಬ್ಬಿಣ ತಾನೆ ಅದು.”

ಆ ಬೆಲ್ಟ್ ನನ್ನನ್ನು ಈಗಲೂ ಕಾಡುತ್ತದೆ. ನಾವು ವಾಸಿಸುವ ಮೇರಿಲ್ಯಾಂಡಿನಲ್ಲಿಯೇ, ಸ್ಯಾವೇಜ್ ಎಂಬ ಊರಿನಲ್ಲಿ, 1992ರ ಸೆಪ್ಟೆಂಬರಿನಲ್ಲಿ ಪಮೇಲಾ ಬಸು ಎಂಬ ಭಾರತೀಯ ಮೂಲದ ರಸಾಯನಶಾಸ್ತ್ರಜ್ಞೆ ತನ್ನ ಪುಟ್ಟ ಮಗಳನ್ನು ಶಿಶುವಿಹಾರಕ್ಕೆ ಕರೆದೊಯ್ಯುತ್ತಿದ್ದರು. ಇಬ್ಬರು ಅವರನ್ನು ಕಾರಿನಿಂದ ಹೊರದಬ್ಬಿದರು. ಮಗು ಒಳಗೇ ಇತ್ತು. ಆಕೆಯ ತೋಳು ಸೀಟ್ ಬೆಲ್ಟಿಗೆ ಸಿಕ್ಕಿಕೊಂಡು, ಮೈಲಿಗೂ ಹೆಚ್ಚು ದೂರ ಕಾರು ಎಳೆದೊಯ್ದಿತು, ಆಕೆ ಬದುಕುಳಿಯಲಿಲ್ಲ. ದುಷ್ಕರ್ಮಿಗಳು ಸೀಟಿನ ಸಮೇತ ಹೊರಗೆಸೆದಿದ್ದ ಮಗು ಬದುಕಿತು. ಈ ಸಾವು ದೇಶವನ್ನೇ ಕಲಕಿತು. ಬಂದೂಕು ತೋರಿಸಿ ವಾಹನ ಅಪಹರಿಸುವುದನ್ನು ಒಕ್ಕೂಟ ಸರ್ಕಾರದ ಅಪರಾಧವನ್ನಾಗಿಸಿದ ಕಾಯಿದೆ ಅದೇ ವರ್ಷದ ಅಕ್ಟೋಬರಿನಲ್ಲಿ ಜಾರಿಗೆ ಬಂದಿತು. ಆ ತಾಯಿ ಕಾರಿಗಾಗಿ ಹೋರಾಡಿದವರಲ್ಲ, ಮಗುವಿಗಾಗಿ ಹೋರಾಡಿದವರು. ನಾನಾದರೋ ತಾಯಿಯನ್ನು ಮರೆತು ಕಾರನ್ನು ಹಿಡಿದು ನಿಂತಿದ್ದೆ.

ವೈದ್ಯನಾಗಿ ನನಗೆ ಇದರ ಕಾರಣ ಗೊತ್ತಿರಬೇಕಿತ್ತು. ತೀವ್ರ ಭಯದಲ್ಲಿ ಅಡ್ರಿನಲಿನ್ ಉಕ್ಕಿ ಹೃದಯ ಡವಗುಟ್ಟುತ್ತದೆ. ಗಮನ ಕಿರಿದಾಗಿ ಬಂದೂಕಿನ ಬಾಯಿಯೊಂದೇ ಕಾಣುತ್ತದೆ. ಕೈಗಳು ನಡುಗಿ ಬೆರಳುಗಳ ಸೂಕ್ಷ್ಮ ಕೆಲಸ ಕೆಡುತ್ತದೆ. ಹೊಸದಾಗಿ ಯೋಚಿಸುವ ಶಕ್ತಿ ಆಗ ಉಳಿಯುವುದಿಲ್ಲ. ಮೊದಲೇ ರೂಢಿಯಾದದ್ದು ಮಾತ್ರ ನಡೆಯುತ್ತದೆ. ಆಸ್ಪತ್ರೆಗಳಲ್ಲಿ ಹೃದಯ ನಿಂತ ರೋಗಿಯ ಚಿಕಿತ್ಸೆಯನ್ನು ಗೊಂಬೆಗಳ ಮೇಲೆ ಮತ್ತೆ ಮತ್ತೆ ಅಭ್ಯಾಸ ಮಾಡುವುದು ಇದಕ್ಕಾಗಿಯೇ. ಕಾರಿನ ವಿಷಯದಲ್ಲಿ ನಾನು ರೂಢಿಸಿಕೊಂಡಿದ್ದು ಹಿಡಿದುಕೊಳ್ಳುವುದನ್ನು ಮಾತ್ರ. ಬಿಡುವುದನ್ನು ಎಂದೂ ಅಭ್ಯಾಸ ಮಾಡಿರಲಿಲ್ಲ.

ಈಗ ಮನೆಯಲ್ಲಿ ಕೆಲವು ನಿಯಮಗಳಿವೆ. ಕಾರಿನ ಕಡೆಗೆ ನಡೆಯುವಾಗ ಫೋನ್ ನೋಡುವುದಿಲ್ಲ. ಹತ್ತಿದ ಕೂಡಲೇ ಬಾಗಿಲುಗಳನ್ನು ಲಾಕ್ ಮಾಡಿ ಹೊರಡುತ್ತೇವೆ. ಸಂದೇಶಗಳನ್ನು ಓದುತ್ತ ಕೂರುವುದಿಲ್ಲ. ಇಂಧನ ತುಂಬಿಸುವಾಗ ಬಾಗಿಲು ಲಾಕ್ ಆಗಿರುತ್ತದೆ, ಕೀ ಜೊತೆಗಿರುತ್ತದೆ. ಎಂಜಿನ್ ಚಾಲೂ ಇಟ್ಟು, ಮಗುವನ್ನು ಒಳಗೆ ಬಿಟ್ಟು, “ಒಂದೇ ನಿಮಿಷ” ಎಂದು ಅಂಗಡಿಗೆ ಹೋಗುವುದಿಲ್ಲ. ಸಿಗ್ನಲ್ಲಿನಲ್ಲಿ ಮುಂದಿನ ಕಾರಿನ ಹಿಂಚಕ್ರಗಳು ರಸ್ತೆಗೆ ತಾಗುವುದು ಕಾಣುವಷ್ಟು ಅಂತರ ಬಿಡುತ್ತೇವೆ. ಆಗ ಪಕ್ಕಕ್ಕೆ ತಿರುಗಿಸಿ ಹೊರಡಲು ಜಾಗವಿರುತ್ತದೆ. ನಿರ್ಜನ ಸ್ಥಳದಲ್ಲಿ ಯಾರಾದರೂ ಹಿಂದಿನಿಂದ ಮೆಲ್ಲಗೆ ಗುದ್ದಿದರೆ ಕೆಳಗಿಳಿಯದೆ, ಅಪಾಯದ ದೀಪ ಹಾಕಿ, 911ಕ್ಕೆ ಕರೆ ಮಾಡಿ, ಬೆಳಕೂ ಜನರೂ ಇರುವೆಡೆಗೆ ನಿಧಾನವಾಗಿ ಹೋಗುವುದು. ಯಾರಾದರೂ ಹಿಂಬಾಲಿಸುತ್ತಿದ್ದಾರೆನಿಸಿದರೆ ಮನೆಗೆ ಹೋಗದೆ ಪೊಲೀಸ್ ಠಾಣೆಯ ಕಡೆಗೆ ತಿರುಗುವುದು. ಮನೆಯ ಬೀಗದ ಕೈಯನ್ನು ಕಾರಿನ ಕೀಯ ಗೊಂಚಲಿನಲ್ಲಿ ಇಡುವುದಿಲ್ಲ. ಕಾರಿನಲ್ಲಿರುವ ಕಾಗದಪತ್ರಗಳಲ್ಲಿ ಮನೆಯ ವಿಳಾಸವಿರುತ್ತದೆಂಬುದನ್ನು ಮರೆಯಬಾರದು. ಫೋನ್ ಡ್ಯಾಶ್‌ಬೋರ್ಡಿನ ಮೇಲಿದ್ದರೆ ಕಾರಿನೊಂದಿಗೇ ಹೋಗುತ್ತದೆ. ಇಳಿಯುವಾಗ ಅದು ಜೇಬಿನಲ್ಲಿರಬೇಕು.

ಇಷ್ಟಾದರೂ ಬಂದೂಕು ಎದುರಾದರೆ ಅಂಗೈಗಳು ಕಾಣುವಂತಿರಲಿ. “ಕೀ ಜೇಬಿನಲ್ಲಿದೆ, ತೆಗೆದುಕೊಡುತ್ತೇನೆ” ಎಂದು ಹೇಳಿದ ನಂತರವೇ ಕೈ ಚಲಿಸಲಿ. ಕೀ ಕೊಡಿ, ದೂರ ಸರಿಯಿರಿ, ಬೆನ್ನಟ್ಟಬೇಡಿ. ಒಳಗೆ ಮಗುವೋ ಹಿರಿಯರೋ ಇದ್ದರೆ ಅದನ್ನು ಗಟ್ಟಿಯಾಗಿ, ಸ್ಪಷ್ಟವಾಗಿ, ಮೊದಲ ಮಾತಾಗಿ ಹೇಳಿ. ಬಂದವನಿಗೆ ಬೇಕಾಗಿರುವುದು ಸಾಮಾನ್ಯವಾಗಿ ಕಾರು. ಮನುಷ್ಯರನ್ನು ಹೊತ್ತೊಯ್ಯುವ ತೊಡಕು ಅವನಿಗೂ ಬೇಡ. ಕಳವಿಗೆ ರಕ್ಷಣೆ ನೀಡುವ ಸಮಗ್ರ ವಿಮೆ ಇದೆಯೇ ಎಂದು ಇಂದೇ ನೋಡಿಕೊಳ್ಳಿ. ವಿಮೆ ಇದೆಯೆಂಬ ಅರಿವಿನಿಂದಲೂ ಮುಷ್ಟಿ ಸಡಿಲವಾಗುತ್ತದೆ.

ವಾರದ ನಂತರ ಪೊಲೀಸರಿಗೆ ಕಾರು ಸಿಕ್ಕಿತು. ಒಂದು ಪಕ್ಕ ನುಗ್ಗಾಗಿತ್ತು. ಅಮ್ಮನ ರಕ್ತದೊತ್ತಡದ ಮಾತ್ರೆಗಳಿದ್ದ ಚೀಲ ಇರಲಿಲ್ಲ. ಅಂದು ರಾತ್ರಿ ಮಾತ್ರೆಯಿಲ್ಲದೆ, ನಿದ್ರೆಯಿಲ್ಲದೆ ಕುಳಿತಿದ್ದ ಅಮ್ಮನಿಗೆ, ನಾನು ಕೀ ಕೊಡಲು ತಡಮಾಡಿದ್ದನ್ನು ಹೇಳಿ ಕ್ಷಮೆ ಕೇಳಿದೆ. “ನೋಡ್ದೆ ಕಣೋ” ಎಂದರು. ಮತ್ತೇನೂ ಹೇಳಲಿಲ್ಲ.

ಅಮ್ಮ ಈಗ ಹಾಸನದಲ್ಲಿದ್ದಾರೆ. ಇಲ್ಲಿ ಭಾನುವಾರಗಳಂದು ನಾನೂ ಮಗಳೂ ಒಂದು ಆಟವಾಡುತ್ತೇವೆ. ನಾನು “ಇಳಿ” ಎನ್ನುತ್ತೇನೆ. ಅವಳು ಬೆಲ್ಟ್ ಬಿಚ್ಚುತ್ತಾಳೆ, ನಾನು ಕೀ ಕೆಳಗಿಟ್ಟು ಬಾಗಿಲು ತೆಗೆದು ಅವಳ ಕೈ ಹಿಡಿದು ಹತ್ತು ಹೆಜ್ಜೆ ದೂರ ನಡೆಯುತ್ತೇನೆ. ಬರುವ ಆಯುಧಪೂಜೆಯಂದು ನೀವೂ ನಿಂಬೆಹಣ್ಣಿಡುವ ಮುನ್ನ ಹಿಂದಿನ ಸೀಟಿನಲ್ಲಿ ಒಮ್ಮೆ ಕುಳಿತು ಬಾಗಿಲು ಒಳಗಿನಿಂದ ತೆರೆಯುತ್ತದೆಯೇ ಎಂದು ನೋಡಿ. ಚಿಕ್ಕ ಮಕ್ಕಳಿಗೆ ಚೈಲ್ಡ್ ಲಾಕ್ ಬೇಕು. ಊರಿನಿಂದ ಬಂದ ಹಿರಿಯರು ಕುಳಿತಾಗ ಅದನ್ನು ತೆಗೆದಿಡಿ, ಬೆಲ್ಟ್ ಬಿಚ್ಚುವುದನ್ನು ಅವರಿಗೆ ಎರಡು ಬಾರಿ ತೋರಿಸಿ. ಎಲ್ಲರೂ ಸುಖವಾಗಿ ಮನೆ ಸೇರುವಂತಾಗಲಿ.